ಮನೋರೋಗಿಗೆ ಮಾತ್ರೆಯಷ್ಟೇ ಮನೆಯೂ ಮುಖ್ಯ

ಮನೆಯಲ್ಲಿ ಒಬ್ಬರಿಗೆ ಟೈಫಾಯಿಡ್ ಬಂದರೆ ನೆಂಟರಿಷ್ಟರೆಲ್ಲ ಎಳನೀರು, ಬ್ರೆಡ್ಡು ಹಿಡಿದು ನೋಡಲು ಬರುತ್ತಾರೆ. ಅದೇ ಮನೆಯಲ್ಲಿ ಒಬ್ಬರ ಮನಸ್ಸಿಗೆ ಕಾಯಿಲೆಯಾದರೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಕೋಲಾರವಿರಲಿ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರವಿರಲಿ, ಮನೆಯವರ ಚಿಂತೆ ಒಂದೇ: 'ಹೊರಗೆ ಗೊತ್ತಾದರೆ ತಂಗಿಯ ಮದುವೆಯ ಗತಿಯೇನು?' ಹೀಗೆ ಮುಚ್ಚಿಡುವುದರಲ್ಲೇ ಚಿಕಿತ್ಸೆಯ ಅಮೂಲ್ಯ ತಿಂಗಳುಗಳು ಕಳೆದುಹೋಗುತ್ತವೆ.

ಹಾಗೆಂದು ನಮ್ಮ ಸಂಸ್ಕೃತಿಯನ್ನೇ ದೂರಬೇಕಾಗಿಲ್ಲ. ರೋಗಿಯನ್ನು ಒಂಟಿಯಾಗಿ ಬಿಡದಿರುವುದು ನಮ್ಮ ಕುಟುಂಬಗಳ ದೊಡ್ಡ ಗುಣ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ರೋಗಿಗಳ ಮನೆಯವರನ್ನು ಆಸ್ಪತ್ರೆಯ ಆವರಣದಲ್ಲೇ ಡೇರೆಗಳಲ್ಲಿ ಉಳಿಸಿಕೊಂಡರು. ಜೊತೆಗಿದ್ದು ಆರೈಕೆ ಮಾಡಿದ ಬಂಧುಗಳು ಕಾಯಿಲೆಯನ್ನು ಅರ್ಥಮಾಡಿಕೊಂಡರು, ರೋಗಿಯನ್ನು ಮನೆಗೂ ಕರೆದೊಯ್ದರು. ಬೆಂಗಳೂರಿನ ನಿಮ್ಹಾನ್ಸ್ ಕೂಡ ಚಿಕಿತ್ಸೆಯಲ್ಲಿ ಕುಟುಂಬವನ್ನು ಸೇರಿಸಿಕೊಳ್ಳುವ ಪದ್ಧತಿಯನ್ನು ಬೆಳೆಸಿದೆ.

ದಾದಿಯ ಪಾತ್ರ

ಮನೋರೋಗದಲ್ಲಿ ಶುಶ್ರೂಷೆ ಎಂದರೆ ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಿಸುವುದಷ್ಟೇ ಅಲ್ಲ. ರೋಗಿಯ ನಿದ್ದೆ, ಊಟ, ಮಾತುಕತೆಗಳನ್ನು ಗಮನಿಸುವುದು, ಅವರ ಮಾತಿಗೆ ಕಿವಿಗೊಡುವುದು, ಮನೆಯವರಿಗೆ ತಿಳಿಹೇಳುವುದು ಎಲ್ಲವೂ ಅದರಲ್ಲಿ ಸೇರಿವೆ. ನಮ್ಮ ಜಿಲ್ಲೆಯಲ್ಲಿ ಹೊರಗೆ ಕನ್ನಡ, ಮನೆಯೊಳಗೆ ತೆಲುಗು ಆಡುವವರು ಎಷ್ಟೋ ಜನ. ಸಂಕಟ ಹೊರಬರುವುದು ಮನೆಮಾತಿನಲ್ಲೇ. ಆ ಮಾತಿನಲ್ಲೇ 'ಊಟ ಆಯ್ತೇನಮ್ಮಾ, ರಾತ್ರಿ ನಿದ್ದೆ ಬಂತಾ?' ಎಂದು ದಾದಿ ಕೇಳಿದರೆ ರೋಗಿಯ ಅರ್ಧ ಭಯ ಇಳಿಯುತ್ತದೆ. 2014ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಮನೋಚೈತನ್ಯ ಕಾರ್ಯಕ್ರಮದ ಉದ್ದೇಶ ಮನೋವೈದ್ಯರ ಸೇವೆಯನ್ನು ತಾಲ್ಲೂಕು ಆಸ್ಪತ್ರೆಗೆ ತರುವುದು. ಆದರೆ ವೈದ್ಯರು ನೋಡಿ ಹೋದ ಮೇಲೂ ರೋಗಿಯ ಕಷ್ಟ ಉಳಿದಿರುತ್ತದೆ. ಪ್ರತಿ ತಾಲ್ಲೂಕು ಆಸ್ಪತ್ರೆಗೂ ಮಾನಸಿಕ ಶುಶ್ರೂಷೆಯಲ್ಲಿ ತರಬೇತಾದ, ಸ್ಥಳೀಯ ಭಾಷೆ ಬಲ್ಲ ಒಬ್ಬ ದಾದಿಯಾದರೂ ಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಯಾವುದು ಬೇಕು, ಯಾವುದು ಬೇಡ

ದೇವರಿಗೆ ಹರಕೆ ಹೊರುವುದಾದರೆ ಹೊರಿ. ಅದರಿಂದ ಮನೆಯವರಿಗೆ ಧೈರ್ಯ ಬರುವುದಾದರೆ ಯಾವ ವೈದ್ಯನೂ ಬೇಡವೆನ್ನಬಾರದು. ಆದರೆ ಮಾತ್ರೆ ತಪ್ಪಿಸಬೇಡಿ. ಉಪವಾಸದ ದಿನ ಮಾತ್ರೆ ಹೇಗೆ ತೆಗೆದುಕೊಳ್ಳಬೇಕೆಂದು ಮೊದಲೇ ಕೇಳಿಕೊಳ್ಳಿ. ಮಂಪರು, ಕೈನಡುಕ, ಬಾಯಿ ಒಣಗುವುದು ಕಂಡುಬಂದರೆ ವೈದ್ಯರಿಗೆ ತಿಳಿಸಿ, ನೀವಾಗಿಯೇ ನಿಲ್ಲಿಸಬೇಡಿ.

'ಮದುವೆ ಮಾಡಿದರೆ ಸರಿಹೋಗುತ್ತಾನೆ' ಎಂಬ ಮಾತನ್ನು ಇಂದೇ ಬಿಡಿ. ಮದುವೆ ಔಷಧಿಯಲ್ಲ. ಕಾಯಿಲೆ ಮುಚ್ಚಿಟ್ಟು ಮದುವೆ ಮಾಡಿದರೆ ಎರಡು ಜೀವಗಳು ನೋಯುತ್ತವೆ. ಕಟ್ಟಿಹಾಕುವುದಂತೂ ಕೂಡದು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿಯಿಂದಾಗಿ ಓಡಲಾರದೆ 28 ಮಂದಿ ಪ್ರಾಣ ಬಿಟ್ಟರು. ಮನೋರೋಗಿಗಳನ್ನು ಸರಪಳಿಯಲ್ಲಿ ಬಂಧಿಸುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ.

ಇನ್ನು ಚೇತರಿಕೆಯ ಮಾತು. ಮನೆಯಲ್ಲಿ ಸದಾ ಬೈಗುಳ, ಹೀಯಾಳಿಕೆ ಇದ್ದರೆ ಕಾಯಿಲೆ ಮರುಕಳಿಸುವುದು ಹೆಚ್ಚು. ಅತಿಯಾದ ಮುದ್ದೂ ಒಳ್ಳೆಯದಲ್ಲ. ಕೈಲಾಗುವ ಒಂದು ಕೆಲಸ ಕೊಡಿ: ಡೇರಿಗೆ ಹಾಲು ಹಾಕಿ ಬರುವುದು, ಟೊಮೆಟೊ ಆರಿಸುವುದು, ರೇಷ್ಮೆಹುಳಕ್ಕೆ ಸೊಪ್ಪು ತರುವುದು. ಕೂಲಿಯ ಹಣವನ್ನು ಅವರ ಕೈಗೇ ಕೊಡಿ. ಮನೆಯ ವಿಷಯದಲ್ಲಿ ಅವರ ಅಭಿಪ್ರಾಯವನ್ನೂ ಕೇಳಿ. ಆರೈಕೆಯ ಭಾರವೆಲ್ಲ ತಾಯಿ ಅಥವಾ ಹೆಂಡತಿಯ ಮೇಲೇ ಬೀಳುತ್ತದೆ. ಉಳಿದವರು ಸರದಿಯ ಮೇಲೆ ಹಂಚಿಕೊಳ್ಳಿ.

ಯಾರಾದರೂ 'ಬದುಕಿರುವುದೇ ಬೇಡ' ಎಂದರೆ ಅದನ್ನು ನಾಟಕವೆಂದು ತಳ್ಳಿಹಾಕಬೇಡಿ. ಅವರೊಡನೆಯೇ ಇದ್ದು ಕೂಡಲೇ ಆಸ್ಪತ್ರೆಗೆ ಕರೆತನ್ನಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು; ಕನ್ನಡದಲ್ಲೇ ಮಾತನಾಡಬಹುದು.

ಮಾತ್ರೆ ಕಾಯಿಲೆಯನ್ನು ಹತೋಟಿಗೆ ತರುತ್ತದೆ, ಕಳೆದುಹೋದ ಸ್ಥಾನವನ್ನು ಮಾತ್ರ ಮನೆಯೇ ಹಿಂದಿರುಗಿಸಬೇಕು. ಮುಂದಿನ ಹಬ್ಬಕ್ಕೆ ನೆಂಟರು ಬಂದಾಗ ಅವರನ್ನು ಒಳಕೋಣೆಯಲ್ಲಿ ಕೂಡಿಹಾಕಬೇಡಿ. ಎಲ್ಲರ ಜೊತೆ ಪಂಕ್ತಿಯಲ್ಲಿ ಕೂರಿಸಿ, ಎಲೆ ಹಾಕಿ ಬಡಿಸಿ.