ಗೃಹಾರೋಗ್ಯ: ಶುಶ್ರೂಷಾಗೃಹಗಳೂ ಅಂಟುಜಾಡ್ಯವೂ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕರೊಳಗೆ ಯಾವ ಊರಿಗೆ ಹೋದರೂ ಸರಕಾರಿ ದವಾಖಾನೆಯ ಹೊರತಾಗಿ ಖಾಸಗಿ ವೈದ್ಯರು ನಡೆಯಿಸುವ ಚಿಕ್ಕ ಚಿಕ್ಕ ಶುಶ್ರೂಷಾಗೃಹಗಳು ಕಣ್ಣಿಗೆ ಬೀಳುವವು. ಜನರು ಇವನ್ನು ನರ್ಸಿಂಗ್ ಹೋಮ್ ಎಂದೇ ಕರೆಯುವರು. ಕೆಲವೇ ಹಾಸಿಗೆಗಳು, ಒಬ್ಬಿಬ್ಬರು ದಾದಿಯರು, ಪಕ್ಕಕ್ಕೆ ಔಷಧದ ಅಂಗಡಿ. ಇಷ್ಟರಲ್ಲಿಯೇ ಎಷ್ಟೋ ಹೆರಿಗೆಗಳೂ ಜ್ವರಗಳೂ ಕಳೆದುಹೋಗುವವು. ವಿಜಯಪುರದ ದೊಡ್ಡ ಆಸ್ಪತ್ರೆಗಳು ಈ ಊರುಗಳಿಂದ ಸುಮಾರು ೪೦ರಿಂದ ೮೦ ಕಿಲೋಮೀಟರು ದೂರ. ನಡುರಾತ್ರಿಯಲ್ಲಿ ಬೇನೆ ತಿನ್ನುವವಳಿಗೆ ಆ ದೂರವು ಸಣ್ಣದಲ್ಲ. ಆದುದರಿಂದ ಇವನ್ನು ಹಳಿಯುವದು ನಮ್ಮ ಉದ್ದೇಶವಲ್ಲ. ಜಾಡ್ಯವೆದ್ದ ಕಾಲದಲ್ಲಿ ಇವುಗಳೊಳಗೆ ಏನು ನಡೆಯಬೇಕು, ಅದನ್ನು ನೋಡಿಕೊಳ್ಳುವವರು ಯಾರು ಎಂಬುದನ್ನು ನಮ್ಮ ವಾಚಕ ಭಗಿನಿಯರು ಅರಿತಿರಬೇಕೆಂದು ಈ ತಿಂಗಳು ಬರೆಯುತ್ತಿರುವೆವು.

ಕಷ್ಟವೇನೆಂದರೆ, ಬಾಣಂತಿಯೂ ಕೆಮ್ಮಿನ ಮುದುಕನೂ ಒಂದೇ ಪಡಸಾಲೆಯಲ್ಲಿ ಕಾದು ಕುಳಿತಿರುವರು. ಬಂದ ರೋಗ ಯಾವುದೆಂದು ಮೊದಲ ದಿನ ವೈದ್ಯರಿಗೂ ತಿಳಿದಿರುವದಿಲ್ಲ. ೨೦೨೦ನೆಯ ಇಸವಿಯ ಮಾರ್ಚದಲ್ಲಿ, ಸಿಂದಗಿಯ ಗಡಿಗೆ ಹೊಂದಿದ ಕಲಬುರಗಿಯ ಒಬ್ಬ ವೃದ್ಧರು ಕೋವಿಡ್ ರೋಗದಿಂದ ತೀರಿಕೊಂಡರು. ಭಾರತದಲ್ಲಿ ಆ ರೋಗದ ಮೊದಲನೆಯ ಮರಣವು ಅದೇ. ರೋಗದ ಹೆಸರು ನಿಶ್ಚಯವಾಗುವ ಮೊದಲೇ ಅವರನ್ನು ಹೈದರಾಬಾದಿಗೂ ಒಯ್ದು ತಂದಿದ್ದರು. ಅವರಿಗೆ ಚಿಕಿತ್ಸೆ ಮಾಡಿದ ವೈದ್ಯರೊಬ್ಬರಿಗೂ ಸೋಂಕು ತಗಲಿತು. ವೈದ್ಯರಿಗೇ ತಗಲಿದ ಮೇಲೆ ನೆಲ ಒರೆಸುವ ಆಯಾಳ ಪಾಡೇನು?

ಇಂಥ ವೇಳೆಯಲ್ಲಿ ಕೈಯೇ ರೋಗದ ವಾಹನವೆಂಬ ಮಾತು ಹೊಸದಲ್ಲ. ೧೮೪೭ರಲ್ಲಿ ವಿಯೆನ್ನಾ ನಗರದ ಹೆರಿಗೆಯ ಆಸ್ಪತ್ರೆಯೊಂದರಲ್ಲಿ ಎಪ್ರಿಲ್ ತಿಂಗಳೊಳಗೆ ನೂರಕ್ಕೆ ೧೮ ಬಾಣಂತಿಯರು ಸೂತಿಕಾಜ್ವರದಿಂದ ಸತ್ತರು. ಇಗ್ನಾಟ್ಸ್ ಸೆಮ್ಮೆಲ್‌ವೈಸ್ ಎಂಬ ವೈದ್ಯನು, ಹೆಣಗಳನ್ನು ಕೊಯ್ದು ಬಂದವರು ಸುಣ್ಣ-ಕ್ಲೋರಿನ್ನಿನ ನೀರಿನಲ್ಲಿ ಕೈ ತೊಳೆಯದೆ ಬಾಣಂತಿಯರನ್ನು ಮುಟ್ಟಕೂಡದೆಂದು ಕಟ್ಟು ಮಾಡಿದನು. ಜೂನ್ ತಿಂಗಳಿಗೆ ಮರಣವು ನೂರಕ್ಕೆ ಎರಡರ ಸುಮಾರಿಗೆ ಇಳಿಯಿತು. ಆ ಔಷಧವು ನಮ್ಮ ಬಾವಿಗಳಿಗೆ ಹಾಕುವ ಬ್ಲೀಚಿಂಗ್ ಪುಡಿಯ ಜಾತಿಯದೇ, ಬೆಲೆಯೂ ಹೆಚ್ಚಿನದಲ್ಲ. ಆದರೂ ಅವನ ಸಹೋದ್ಯೋಗಿಗಳೊಳಗೆ ಅನೇಕರು ಅವನ ಮಾತನ್ನು ಒಪ್ಪಲಿಲ್ಲ. ತಮ್ಮ ಕೈಯೇ ಹೊಲಸೆಂಬ ಮಾತು ದೊಡ್ಡವರಿಗೆ ಸಹಿಸುವದು ಕಠಿಣ!

ಇನ್ನು ಮೇಲ್ವಿಚಾರಣೆಯ ವಿಷಯ. ಮುಂಬಯಿಯಲ್ಲಿ ಪ್ಲೇಗು ಹಬ್ಬಿದ ಮೇಲೆ ೧೮೯೭ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆಯಾಯಿತು. ಆ ಕಾಲದಲ್ಲಿ ನಮ್ಮ ಜನರು ಊರು ತೊರೆದು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಬದುಕಿದ ಕಥೆಗಳನ್ನು ಹಿರಿಯರಿಂದ ಕೇಳಿದವರು ಅನೇಕರಿರಬಹುದು. ೨೦೨೦ರಲ್ಲಿಯೂ ಸರಕಾರವು ಮೊದಲು ಹಿಡಿದದ್ದು ಅದೇ ಹಳೆಯ ಕಾಯಿದೆಯನ್ನು. ಅದೇ ವರ್ಷ ಕರ್ನಾಟಕವು ತನ್ನದೊಂದು ಕಾಯಿದೆಯನ್ನು ಮಾಡಿಕೊಂಡಿತು. ಜ್ವರ, ಕೆಮ್ಮು, ಉಸಿರಾಟದ ತೊಂದರೆಗಳಿಂದ ಬಂದವರ ವಿವರವನ್ನು ಖಾಸಗಿ ದವಾಖಾನೆಗಳೂ ಒಪ್ಪಿಸಬೇಕೆಂದು ಆಗ ಆಜ್ಞೆಯಾಯಿತು.

ಆದರೆ ಇವೆಲ್ಲ ಜಾಡ್ಯ ಬಂದ ಮೇಲಿನ ಮಾತುಗಳು. ಈ ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗಲೇ, ೧೯೪೯ರಲ್ಲಿ, ಆ ಪ್ರಾಂತವು ನರ್ಸಿಂಗ್ ಹೋಮ್‌ಗಳ ನೋಂದಣಿಗೆಂದು ಕಾಯಿದೆ ಮಾಡಿತ್ತು. ಕರ್ನಾಟಕವು ೧೯೭೬ರಲ್ಲಿ ಒಂದನ್ನೂ, ಅದರ ಬದಲಿಗೆ ೨೦೦೭ರಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯನ್ನೂ ಮಾಡಿತು. ಇದರ ಪ್ರಕಾರ ನೋಂದಣಿಯಿಲ್ಲದೆ ಯಾರೂ ಶುಶ್ರೂಷಾಗೃಹ ನಡೆಯಿಸಕೂಡದು. ೨೦೧೬ರ ನಿಯಮಗಳಂತೆ ರಕ್ತ ತಾಗಿದ ಹತ್ತಿ, ಸೂಜಿ, ನಳಿಗೆಗಳನ್ನು ಹಳದಿ, ಕೆಂಪು, ಬಿಳಿ, ನೀಲಿ ಬಣ್ಣದ ಬೇರೆಬೇರೆ ಪಾತ್ರೆ-ಚೀಲಗಳಲ್ಲಿ ಬೇರ್ಪಡಿಸಿಡಬೇಕು. ಸಂಸ್ಕರಿಸದ ಕಸವನ್ನು ೪೮ ತಾಸುಗಳಾಚೆಗೆ ಇಟ್ಟುಕೊಳ್ಳುವಂತಿಲ್ಲ. ಕಾಗದದ ಮೇಲೆ ಕೊರತೆಯೇನೂ ಇಲ್ಲವೆಂದೇ ನಮಗೆ ತೋರುವದು. ಸುಗ್ಗಿಯ ದಿನಗಳಲ್ಲಿ, ಯಾವ ರೋಗದ ಗದ್ದಲವೂ ಇಲ್ಲದಾಗ, ಒಬ್ಬ ಅಧಿಕಾರಿಯು ಬಂದು ನೀರಿನ ನಳವು ಹರಿಯುತ್ತಿದೆಯೇ, ಕೆಮ್ಮುವವರನ್ನು ಕೂಡ್ರಿಸಲು ಬೇರೆ ಕಿಟಕಿಯ ಕೋಣೆಯಿದೆಯೇ ಎಂದು ನೋಡಿಹೋಗುವದೇ ನಿಜವಾದ ಕೆಲಸ. ಜಾಡ್ಯದ ನಡುವೆ ಗೋಡೆ ಒಡೆದು ಕಿಟಕಿ ಇಡಲಾದೀತೇ?

ಮನೆಯವರ ಪಾಲೂ ಇದರಲ್ಲಿ ಉಂಟು. ಯಾರಾದರೂ ಹಾಸಿಗೆ ಹಿಡಿದರೆಂದರೆ ಬೀಗರು, ಓಣಿಯವರು, ಊರವರು ಟಂಟಂ ತುಂಬಿಕೊಂಡು 'ಮಾತಾಡಿಸಿ ಬರಲಿಕ್ಕೆ' ಹೊರಡುವರು. ಹೋಗದಿದ್ದರೆ ಮನಸ್ಸು ಮುರಿದೀತೆಂಬ ಅಂಜಿಕೆ ಬೇರೆ. ಈ ಅಕ್ಕರೆಯನ್ನು ನಾವು ಅಲ್ಲಗಳೆಯಲಾರೆವು. ರೊಟ್ಟಿಯ ಬುತ್ತಿ ಕಟ್ಟಿಕೊಂಡು ಬಂದ ಅಕ್ಕ-ತಂಗಿಯರಿಂದಲೇ ಎಷ್ಟೋ ರೋಗಿಗಳ ಹೊಟ್ಟೆ ತುಂಬಿದೆ. ಆದರೆ ಅಂಟುಜಾಡ್ಯದ ಕಾಲದಲ್ಲಿ ರೋಗಿಯ ಬಳಿ ಗಟ್ಟಿಮುಟ್ಟಾದ ಒಬ್ಬರೇ ಇರಬೇಕು, ದಿನಕ್ಕೊಬ್ಬರು ಬದಲಾಗಬಾರದು. ಮೊಮ್ಮಕ್ಕಳನ್ನು ಕರೆದೊಯ್ಯಲೇಬಾರದು. ಇದ್ದವರು ಮೂಗು-ಬಾಯಿ ಮುಚ್ಚಿಕೊಂಡು, ರೋಗಿಯನ್ನು ಮುಟ್ಟಿದಾಗಲೆಲ್ಲ ಸಾಬೂನಿನಿಂದ ಕೈ ತೊಳೆಯಬೇಕು. ಉಳಿದವರು ದೂರವಾಣಿಯಲ್ಲಿ ಮಾತಾಡಿಸಿದರೆ ಸಾಕು. ಸೊಸೆಯು ಹೀಗೆಂದರೆ 'ದೊಡ್ಡವಳಾದಳು' ಎಂದು ಅನ್ನಿಸಿಕೊಳ್ಳುವಳಾದ್ದರಿಂದ, ಮನೆಯ ಅತ್ತೆಯೇ ಮುಂದಾಗಿ ಬೀಗರಿಗೆ ಹೇಳಿಕಳಿಸುವದು ಒಳ್ಳೆಯದು.

ದಾದಿಯು ಒಂದು ಹಾಸಿಗೆಯಿಂದ ಮತ್ತೊಂದಕ್ಕೆ ಬರುವಾಗ 'ಕೈ ತೊಳೆದಿರೇನವ್ವಾ?' ಎಂದು ಕೇಳಲು ನಮ್ಮ ಹೆಣ್ಣುಮಕ್ಕಳು ನಾಚುವರು. ಮೆಲ್ಲಗೆ ಕೇಳಿದರೆ ಒಳ್ಳೆಯ ದಾದಿಯು ಸಿಟ್ಟಾಗುವದಿಲ್ಲ. ಕಸ ಒಯ್ಯುವ ಆಯಾಳ ಕೈಗೆ ಗವಸುಗಳಿವೆಯೇ ಎಂಬುದನ್ನೂ ನೋಡಿರಿ; ಅವು ಇಲ್ಲದ ಮನೆಯಲ್ಲಿ ಉಳಿದ ಶುದ್ಧಿಯ ಮೇಲೆ ನಮಗಂತೂ ನಂಬಿಕೆ ಹುಟ್ಟದು. ನೋಂದಣಿಯ ಪತ್ರವನ್ನು ಎಲ್ಲರಿಗೂ ಕಾಣುವಂತೆ ತೂಗಹಾಕಬೇಕೆಂದು ಕಾಯಿದೆಯೇ ಹೇಳುವದು, ಅದರ ಅವಧಿ ಐದು ವರ್ಷ. ಒಳಗೆ ಕಾಲಿಡುವಾಗ ಅದರ ಮೇಲಿನ ತಾರೀಖನ್ನು ಓದಿಕೊಳ್ಳಿರಿ. ಪತ್ರವು ಕಾಣದಿದ್ದರೆ ತಾಲೂಕಾ ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬಹುದು.