ಕಿಡ್ನಿ ಕೊಟ್ಟ ಮನೆ ಲಸಿಕೆಗೆ ಹಿಂದೇಟು ಹಾಕುವುದೇಕೆ?

ಮಧುಮೇಹ ಮತ್ತು ರಕ್ತದೊತ್ತಡ ಮನೆಮನೆಯ ಕಾಯಿಲೆಗಳಾಗಿರುವ ಈ ಕಾಲದಲ್ಲಿ, ಮೂತ್ರಪಿಂಡ ಕಸಿ ಮಾಡಿಸಿಕೊಂಡವರು ನಮ್ಮ ಪಟ್ಟಣಗಳಲ್ಲಿ ಅಪರೂಪವಲ್ಲ. ನಮ್ಮ ದೇಶದಲ್ಲಿ ಹೆಚ್ಚಿನ ಕಸಿಗಳು ನಡೆಯುವುದು ಬದುಕಿರುವ ದಾನಿಗಳಿಂದ. ಆ ದಾನಿಗಳಲ್ಲಿಯೂ ಹೆಚ್ಚಿನವರು ಮಹಿಳೆಯರು. ತಾಯಿ ಮಗನಿಗೆ ಕೊಡುತ್ತಾಳೆ, ಹೆಂಡತಿ ಗಂಡನಿಗೆ ಕೊಡುತ್ತಾಳೆ. ಚಿನ್ನ ಅಡವಿಟ್ಟು, ಸಾಲ ಮಾಡಿ ಕುಟುಂಬವು ಆ ಜೀವವನ್ನು ಉಳಿಸಿಕೊಳ್ಳುತ್ತದೆ. ವಿಪರ್ಯಾಸವೆಂದರೆ, ಇಷ್ಟೆಲ್ಲ ತ್ಯಾಗ ಮಾಡಿದ ಅದೇ ಮನೆಯಲ್ಲಿ ಫ್ಲೂ ಲಸಿಕೆ ಹಾಕಿಸಿಕೊಳ್ಳಿ ಎಂದರೆ, ನಮಗೇನು ಕಾಯಿಲೆಯಿದೆ ಎಂಬ ಉತ್ತರ ಬರುತ್ತದೆ. ಲಸಿಕೆ ರೋಗಿಗೆ ಮಾತ್ರ ಸಂಬಂಧಿಸಿದ್ದು ಎಂಬ ಈ ಗ್ರಹಿಕೆಯೇ ತಪ್ಪು ಎಂಬುದು ನಮ್ಮ ವಾದ.

ಕಸಿ ಮಾಡಿದ ಅಂಗವನ್ನು ದೇಹವು ತನ್ನದೆಂದು ಒಪ್ಪುವುದಿಲ್ಲ. ಹೊರಗಿನಿಂದ ಬಂದ ಶತ್ರುವೆಂದೇ ಭಾವಿಸಿ ಅದರ ಮೇಲೆ ಎರಗುತ್ತದೆ. 1954ರಲ್ಲಿ ಅಮೆರಿಕದ ಬೋಸ್ಟನ್ನಿನಲ್ಲಿ ನಡೆದ ಮೊದಲ ಯಶಸ್ವೀ ಮೂತ್ರಪಿಂಡ ಕಸಿಯು ತದ್ರೂಪಿ ಅವಳಿಗಳ ನಡುವಿನದ್ದಾಗಿದ್ದರಿಂದ ಈ ತೊಡಕು ಎದುರಾಗಲಿಲ್ಲ. ಉಳಿದವರೆಲ್ಲ ಜೀವನಪರ್ಯಂತ ಪ್ರತಿರೋಧ ಶಕ್ತಿಯನ್ನು ಕುಗ್ಗಿಸುವ ಮಾತ್ರೆಗಳನ್ನು ಸೇವಿಸಬೇಕು. ಟ್ಯಾಕ್ರೊಲಿಮಸ್ ಟಿ ಕೋಶಗಳನ್ನು ಎಚ್ಚರಗೊಳ್ಳದಂತೆ ತಡೆಯುತ್ತದೆ. ಮೈಕೋಫೆನೊಲೇಟ್ ಪ್ರತಿರೋಧದ ಕೋಶಗಳು ವೃದ್ಧಿಸದಂತೆ ಮಾಡುತ್ತದೆ. ಆದರೆ ಲಸಿಕೆಯು ಕೆಲಸ ಮಾಡುವುದು ಈ ಕೋಶಗಳ ಮೂಲಕವೇ ಅಲ್ಲವೇ? ಅಂಗವನ್ನು ಉಳಿಸುವ ಮಾತ್ರೆಯೇ ಲಸಿಕೆಯ ಪರಿಣಾಮವನ್ನು ಕುಂಠಿತಗೊಳಿಸುತ್ತದೆ. ಹಾಗೆಂದು ಆ ಮಾತ್ರೆಯನ್ನು ಸ್ವಂತ ಬುದ್ಧಿಯಿಂದ ನಿಲ್ಲಿಸಿದರೆ ಕೊಟ್ಟ ಕಿಡ್ನಿಯೇ ಹೋದೀತು.

ಇದು ಎಷ್ಟು ಗಂಭೀರವಾದುದೆಂಬುದನ್ನು ಕೊರೊನಾ ತೋರಿಸಿಕೊಟ್ಟಿತು. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಸಂಶೋಧಕರು 2021ರಲ್ಲಿ ಅಂಗ ಕಸಿ ಮಾಡಿಸಿಕೊಂಡ 436 ಮಂದಿಯನ್ನು ಪರೀಕ್ಷಿಸಿದಾಗ, ಎಂಆರ್‌ಎನ್‌ಎ ಲಸಿಕೆಯ ಮೊದಲ ಡೋಸ್‌ನ ಬಳಿಕ ಶೇ. 17 ಮಂದಿಯಲ್ಲಿ ಮಾತ್ರ ಪ್ರತಿಕಾಯಗಳು ಕಂಡುಬಂದವು. ಅದೇ ತಂಡ 658 ಮಂದಿಯಲ್ಲಿ ಎರಡು ಡೋಸ್‌ಗಳ ಬಳಿಕ ನೋಡಿದಾಗಲೂ ಶೇ. 46 ಮಂದಿಯಲ್ಲಿ ಪ್ರತಿಕಾಯಗಳೇ ಇರಲಿಲ್ಲ. ಆರೋಗ್ಯವಂತರಲ್ಲಾದರೆ ಬಹುತೇಕ ಎಲ್ಲರಲ್ಲಿಯೂ ಪ್ರತಿಕಾಯಗಳು ಮೂಡುತ್ತಿದ್ದವು. ಫ್ರಾನ್ಸಿನ ತುಲೂಸ್‌ನಲ್ಲಿ 101 ಮಂದಿಗೆ ಮೂರನೆಯ ಡೋಸ್ ನೀಡಿದಾಗ ಪ್ರತಿಕಾಯವುಳ್ಳವರ ಪ್ರಮಾಣ ಶೇ. 40ರಿಂದ 68ಕ್ಕೇರಿತು. ಅಂದರೆ ಲಸಿಕೆ ವ್ಯರ್ಥವಲ್ಲ, ಅವರಿಗೆ ಹೆಚ್ಚು ಬೇಕು. ಆದರೆ ಮೂರು ಡೋಸ್ ಪಡೆದರೂ ಮೂರರಲ್ಲಿ ಒಬ್ಬರಷ್ಟು ಬರಿಗೈಯಲ್ಲೇ ಉಳಿದರು ಎಂಬುದನ್ನೂ ಮರೆಯುವಂತಿಲ್ಲ. ಪ್ರತಿಕಾಯವೊಂದೇ ಅಳತೆಗೋಲಲ್ಲ, ಟಿ ಕೋಶಗಳ ರಕ್ಷಣೆಯೂ ಇದೆ ಎಂದು ತಜ್ಞರು ಹೇಳುವುದು ನಿಜ. ಆದರೆ ಆ ಕೋಶಗಳನ್ನೂ ಮಾತ್ರೆಗಳು ಸುಮ್ಮನೆ ಬಿಟ್ಟಿರುವುದಿಲ್ಲ.

ಈ ಮಾಹಿತಿ ಹೊರಬಂದ ಮೇಲೆ ಸರಕಾರಗಳು ಮಾಡಿದ್ದೇನು? ಫ್ರಾನ್ಸ್ 2021ರ ಎಪ್ರಿಲ್‌ನಲ್ಲಿಯೂ ಅಮೆರಿಕ ಆಗಸ್ಟ್‌ನಲ್ಲಿಯೂ ಇಂಥವರಿಗೆ ಮೂರನೆಯ ಡೋಸ್‌ಗೆ ದಾರಿ ಮಾಡಿಕೊಟ್ಟವು. ನಮ್ಮಲ್ಲಿ 'ಮುನ್ನೆಚ್ಚರಿಕೆ ಡೋಸ್' ಆರಂಭವಾದದ್ದು 2022ರ ಜನವರಿ 10ರಂದು. ಅದೂ ಆರೋಗ್ಯ ಕಾರ್ಯಕರ್ತರಿಗೆ, ಮುಂಚೂಣಿಯ ಸಿಬ್ಬಂದಿಗೆ ಮತ್ತು ಬೇರೆ ಕಾಯಿಲೆಗಳಿರುವ 60 ವರ್ಷ ಮೀರಿದವರಿಗೆ. ಮೂವತ್ತೈದರ ಹರೆಯದ ಕಿಡ್ನಿ ಕಸಿಯ ಯುವಕ ಆ ಪಟ್ಟಿಯ ಹೊರಗಿದ್ದ. ಎಪ್ರಿಲ್ 10ರಿಂದ ಖಾಸಗಿ ಕೇಂದ್ರಗಳಲ್ಲಿ ಹಣ ತೆತ್ತು ಹಾಕಿಸಿಕೊಳ್ಳುವ ಅವಕಾಶ ಅವನಿಗೆ ದೊರೆಯಿತು. ವಯಸ್ಸನ್ನು ನೋಡಿದ ಆಡಳಿತಕ್ಕೆ ಆತನ ಔಷಧದ ಚೀಟಿ ಕಾಣಿಸಲಿಲ್ಲ.

ಕೊರೊನಾದ ಕಾವು ಆರಿದೆ, ಆದರೆ ಆ ಉಪೇಕ್ಷೆ ಮಾತ್ರ ಆರಿಲ್ಲ. ನಮ್ಮ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮವು ಮುಖ್ಯವಾಗಿ ಮಕ್ಕಳು ಮತ್ತು ಗರ್ಭಿಣಿಯರ ಸುತ್ತ ರೂಪುಗೊಂಡದ್ದು. ಕಸಿಯ ರೋಗಿಗೆ ಬೇಕಾದ ಫ್ಲೂ, ನ್ಯುಮೋಕಾಕಲ್ ಲಸಿಕೆಗಳು ಬಹುತೇಕ ಅವನ ಜೇಬಿನ ಖರ್ಚು. ಹೆಪಟೈಟಿಸ್ ಬಿ ವಿಷಯವನ್ನೇ ನೋಡಿ. ಡಯಾಲಿಸಿಸ್‌ನಲ್ಲಿರುವವರಿಗೆ ಸಾಮಾನ್ಯ ಪ್ರಮಾಣ ಸಾಲುವುದಿಲ್ಲ. ದುಪ್ಪಟ್ಟು, ಅಂದರೆ 40 ಮೈಕ್ರೊಗ್ರಾಮ್, ಹಲವು ಕಂತುಗಳಲ್ಲಿ ನೀಡಿ, ರಕ್ತ ಪರೀಕ್ಷೆಯಲ್ಲಿ ಪ್ರತಿಕಾಯದ ಮಟ್ಟ 10 ದಾಟಿದೆಯೇ ಎಂದು ನೋಡಬೇಕು. ಮೂತ್ರಪಿಂಡ ಪೂರ್ತಿ ಕೆಡುವ ಮೊದಲೇ ಕೊಟ್ಟರೆ ಫಲ ಹೆಚ್ಚು, ಕಸಿಯ ಬಳಿಕ ತೀರಾ ಕಡಿಮೆ. ಹಾಗಾದರೆ ಸರಿಯಾದ ಕಾಲ ಯಾವುದು? ಡಯಾಲಿಸಿಸ್‌ನ ಮೊದಲ ದಿನಗಳು, ಸಾಧ್ಯವಾದರೆ ಅದಕ್ಕೂ ಮುಂಚೆ. 2016ರಿಂದ ರಾಷ್ಟ್ರೀಯ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತ ಡಯಾಲಿಸಿಸ್ ಒದಗಿಸಲಾಗುತ್ತಿದೆ. ರೋಗಿ ವಾರಕ್ಕೆ ಎರಡು ಮೂರು ಬಾರಿ, ಪ್ರತಿ ಬಾರಿಯೂ ಸುಮಾರು ನಾಲ್ಕು ತಾಸು ಅದೇ ಮಂಚದಲ್ಲಿ ಮಲಗಿರುತ್ತಾನೆ. ಅಲ್ಲಿಯೇ ಈ ಎಲ್ಲ ಲಸಿಕೆಗಳನ್ನು ಉಚಿತವಾಗಿ ನೀಡಿ, ಒಂದು ಚೀಟಿಯಲ್ಲಿ ಬರೆದುಕೊಟ್ಟರೆ ಸರಕಾರದ ಬೊಕ್ಕಸ ಬರಿದಾಗುವುದೇ? ಕಸಿಗೆ ಅನುಮತಿ ನೀಡಲು ದಾನಿಯೊಂದಿಗಿನ ಸಂಬಂಧದ ಪುರಾವೆಯನ್ನೆಲ್ಲ ಕೇಳುವ ಕಡತದಲ್ಲಿ ಲಸಿಕೆಯ ಒಂದು ಹಾಳೆಗೂ ಜಾಗ ಇರಲೇಬೇಕು.

ಸರಕಾರವನ್ನು ದೂರಿದರಷ್ಟೇ ಮುಗಿಯಲಿಲ್ಲ. ದಡಾರ, ಸೀತಾಳೆ ಸಿಡುಬಿನಂತಹ ಕೆಲವು ಲಸಿಕೆಗಳಲ್ಲಿ ದುರ್ಬಲಗೊಳಿಸಿದ ಜೀವಂತ ವೈರಾಣುಗಳಿರುತ್ತವೆ. ಕಸಿಯ ಬಳಿಕ ಸಾಮಾನ್ಯವಾಗಿ ಇವುಗಳನ್ನು ನೀಡುವಂತಿಲ್ಲ. ಕನಿಷ್ಠ ನಾಲ್ಕು ವಾರ ಮೊದಲೇ ಮುಗಿಸಿರಬೇಕು. ಮುಗಿಸದವನಿಗೆ ಉಳಿಯುವ ಗೋಡೆ ಸುತ್ತಲಿನವರು ಮಾತ್ರ. 2022ರ ಕೊನೆಯಲ್ಲಿ ಮುಂಬೈಯ ಗೋವಂಡಿ, ಭಿವಂಡಿ, ಮಾಲೆಗಾಂವ್‌ಗಳಲ್ಲಿ ದಡಾರ ಹಬ್ಬಿ ಮಕ್ಕಳು ಸತ್ತರು. ಲಸಿಕೆ ಪಡೆಯದ ಮಕ್ಕಳೇ ಹೆಚ್ಚಾಗಿ ಬಲಿಯಾದರು. ಆ ಬಡಾವಣೆಗಳು ಯಾರವೆಂದು ನಾವು ಹೇಳಬೇಕಾಗಿಲ್ಲ. ಇಕ್ಕಟ್ಟಾದ ಮನೆಗಳು, ಬಡತನ, ಆರೋಗ್ಯ ಕೇಂದ್ರಗಳ ಕೊರತೆ ಇವೆಲ್ಲ ಕಾರಣಗಳೇ. ಆದರೆ ಪೋಲಿಯೊ ಹನಿಯಿಂದ ಸಂತಾನಶಕ್ತಿ ನಾಶವಾಗುತ್ತದೆಂದು ಎರಡು ದಶಕಗಳ ಹಿಂದೆ ಉತ್ತರ ಪ್ರದೇಶದ ನಮ್ಮ ಮೊಹಲ್ಲಾಗಳಲ್ಲಿ ಹಬ್ಬಿದ್ದ ವದಂತಿಯ ಪಳೆಯುಳಿಕೆ ಇನ್ನೂ ಅಲ್ಲಲ್ಲಿ ಇದೆಯೆಂಬುದನ್ನು ಒಪ್ಪಿಕೊಳ್ಳಲು ನಾವೇಕೆ ಹಿಂಜರಿಯಬೇಕು? ಲಸಿಕೆ ತಪ್ಪಿದ ಪಕ್ಕದ ಮನೆಯ ಮಗುವಿನ ದಡಾರ, ಕಿಡ್ನಿ ಕಸಿಯಾದವನ ಪಾಲಿಗೆ ನ್ಯುಮೋನಿಯಾ ಆಗಿ ಪರಿಣಮಿಸಬಹುದು.

ಕಸಿಯ ರೋಗಿಗಳ ನಡುವೆಯೂ ಒಂದು ಭಯವಿದೆ: ಲಸಿಕೆಯು ಪ್ರತಿರೋಧವನ್ನು ಕೆರಳಿಸಿ ಕಿಡ್ನಿ ತಿರಸ್ಕೃತವಾದರೆ? ಫ್ಲೂ ಲಸಿಕೆಯ ವಿಷಯದಲ್ಲಿ ಇದನ್ನು ಪರಿಶೀಲಿಸಲಾಗಿದೆ, ಅಂಥ ಸಂಬಂಧ ಕಂಡುಬಂದಿಲ್ಲ. ಜೀವಂತವಲ್ಲದ ಲಸಿಕೆಗಳನ್ನು ವೈದ್ಯರು ಹೇಳಿದ ಕಾಲಕ್ಕೆ ಪಡೆಯಬಹುದು, ಪಡೆಯಬೇಕು. ಮನೆಯವರಂತೂ ಪ್ರತಿ ವರ್ಷ ಫ್ಲೂ ಲಸಿಕೆ ಹಾಕಿಸಿಕೊಳ್ಳಲಿ. ದಡಾರದ ಲಸಿಕೆ ಪಡೆದ ಮಗುವಿನಿಂದ ಮನೆಯ ರೋಗಿಗೆ ಅಪಾಯವಿಲ್ಲ. ಬಾಯಿಯ ಪೋಲಿಯೊ ಹನಿ ಮಾತ್ರ ಬೇರೆ. ಅದರ ವೈರಾಣು ಮಗುವಿನ ಮಲದಲ್ಲಿ ಕೆಲವು ವಾರ ಹೊರಬರುತ್ತದೆ. ಹಾಗೆಂದು ಮಗುವಿಗೆ ಹನಿ ತಪ್ಪಿಸಬಾರದು, ಚುಚ್ಚುಮದ್ದಿನ ರೂಪದ ಲಸಿಕೆಯ ಬಗ್ಗೆ ವೈದ್ಯರನ್ನು ಮೊದಲೇ ಕೇಳಬೇಕು.

ಇದೇ ಕಾರಣಕ್ಕೆ ಹಜ್ಜ್‌ಗೆ ಹೊರಟವರಿಗೂ ಒಂದು ಮಾತು. ಯಾತ್ರಿಗಳ ಲಸಿಕಾ ಶಿಬಿರದಲ್ಲಿ ಮೆನಿಂಜೈಟಿಸ್ ಚುಚ್ಚುಮದ್ದಿನ ಜೊತೆಗೆ ಬಾಯಿಗೆ ಪೋಲಿಯೊ ಹನಿಯನ್ನೂ ಹಾಕುತ್ತಾರೆ. ಮೆನಿಂಜೈಟಿಸ್ ಲಸಿಕೆ ಕಸಿಯ ರೋಗಿಗೂ ಆಗುತ್ತದೆ, ಹನಿ ಆಗದು. ಸರತಿಯಲ್ಲಿ ನಿಂತವರಿಗೆಲ್ಲ ಹನಿ ಹಾಕುತ್ತ ಸಾಗುವ ಸಿಬ್ಬಂದಿಗೆ ಯಾರ ಹೊಟ್ಟೆಯಲ್ಲಿ ಯಾರ ಕಿಡ್ನಿ ಇದೆಯೆಂದು ತಿಳಿಯುವುದಿಲ್ಲ. ತನ್ನ ವೈದ್ಯರ ಪತ್ರವನ್ನು ಮೊದಲೇ ಬರೆಸಿಕೊಂಡು, ಬಾಯಿ ತೆರೆಯುವ ಮೊದಲು ಅದನ್ನು ಶಿಬಿರದ ವೈದ್ಯರ ಕೈಗಿಡಬೇಕು.