ಬೆಟ್ಟ ನೋಡಿ ಮನೆ ಹಿಡಿಯಬೇಡಿ

ಎಂಎಸ್ ಮಾಡೋಕೆ ಅಮೆರಿಕಕ್ಕೆ ಹೋಗಬೇಕು ಅನ್ನೋ ನಮ್ಮಲ್ಲಿ ಕೆಲವರ ಕಣ್ಣು ಕೊಲರಾಡೋ ರಾಜ್ಯದ ಬೌಲ್ಡರ್ ಮೇಲಿದೆ. ರಾಕಿ ಪರ್ವತಗಳ ಬುಡದಲ್ಲಿರೋ ಯೂನಿವರ್ಸಿಟಿ ಊರು ಅದು. ಫೋಟೋ ನೋಡಿದ ಕೂಡಲೇ 'ಬೆಟ್ಟ ಕಾಣೋ ರೂಮೇ ಬೇಕು' ಅಂತೀವಿ. ಬಾಡಿಗೆ ಮನೆ ಹುಡುಕೋ ರೀತಿ ಅದಲ್ಲ ಅನ್ನೋದು ನಮ್ಮ ವಾದ.

ಅಲ್ಲಿ ಬಾಡಿಗೆ ಜಾಸ್ತಿ ಇರೋದಕ್ಕೆ ಕಾರಣ ಇದೆ. ಊರ ಸುತ್ತಲಿನ ಜಾಗ ಕೊಂಡು ಬಯಲಾಗಿಯೇ ಉಳಿಸೋಕೆ ಅಲ್ಲಿನ ಮತದಾರರು 1967ರಲ್ಲಿ ತಾವೇ ತೆರಿಗೆ ಹಾಕಿಕೊಂಡರು. 1971ರಲ್ಲಿ ಕಟ್ಟಡಗಳ ಎತ್ತರಕ್ಕೆ 55 ಅಡಿ ಮಿತಿ ಬಂತು. ಬೆಟ್ಟ ಚೆನ್ನಾಗಿ ಕಾಣೋದೂ ಅದರಿಂದಲೇ, ಮನೆ ಸುಲಭವಾಗಿ ಸಿಗದಿರೋದೂ ಅದರಿಂದಲೇ.

ಹಾಗಾಗಿ ಹತ್ತಿರದ ಲಾಂಗ್‌ಮಾಂಟ್, ಲಾಫಯೆಟ್, ಲೂಯಿಸ್‌ವಿಲ್ ಕಡೆಗೂ ನೋಡಬೇಕು. ಮೊದಲು ಕೇಳಬೇಕಾದ್ದು ಬಸ್ ಬಗ್ಗೆ. ಲ್ಯಾಬ್ ಮುಗಿಸಿ ಹೊರಟಾಗ ಕೊನೇ ಬಸ್ ಎಷ್ಟು ಗಂಟೆಗೆ? ಭಾನುವಾರ ಎಷ್ಟು ಬಸ್? ಕಾರಿಲ್ಲದ ನಮಗೆ ಸ್ಟಾಪಿನ ಹತ್ತಿರದ ಮನೆಯೇ ಮೇಲು.

ಎರಡನೇದು ಬೆಂಕಿ. 2021ರ ಡಿಸೆಂಬರ್ 30ರಂದು ಹುಲ್ಲುಗಾವಲಿನ ಬೆಂಕಿ ಬಿರುಗಾಳಿಯ ಜೊತೆ ಲೂಯಿಸ್‌ವಿಲ್, ಸುಪೀರಿಯರ್ ಊರುಗಳಿಗೆ ನುಗ್ಗಿತು. ಆ ಭಾಗದಲ್ಲಿ ಸಾವಿರಕ್ಕೂ ಹೆಚ್ಚು ಮನೆಗಳು ಸುಟ್ಟುಹೋದವು. ಮಾಲೀಕರ ವಿಮೆ ಸಾಮಾನ್ಯವಾಗಿ ಕಟ್ಟಡಕ್ಕೆ ಮಾತ್ರ, ನಮ್ಮ ಲ್ಯಾಪ್‌ಟಾಪಿಗಲ್ಲ. ಬಾಡಿಗೆದಾರರ ವಿಮೆ ಬೇರೆ ಮಾಡಿಸಬೇಕು. ಬಾಡಿಗೆ ಲೆಕ್ಕ ಹಾಕುವಾಗ ಅದನ್ನೂ ಸೇರಿಸಿ.

ಎಜುಕೇಶನ್ ಲೋನಿಗೆ ಸಹಿ ಹಾಕೋರು ಅಪ್ಪ ಅಮ್ಮ. ಅದರಲ್ಲಿ ಕಿಟಕಿಯ ನೋಟಕ್ಕೆ ದುಡ್ಡು ಕೊಡೋದು ಬೇಡ. ಆ ಬೆಟ್ಟ ಬಸ್ ಸ್ಟಾಪಿನಿಂದಲೂ ಕಾಣುತ್ತೆ, ಪುಕ್ಕಟೆ.